ಎರಡು ಎಕರೆ ಸವಳು, ನಾಲ್ವರು ಸಿಸ್ಟರುಗಳು

ನಾಲ್ವರು ಸಿಸ್ಟರುಗಳು, ಎರಡು ಎಕರೆ ಸವಳು ನೆಲ, ದಿನಕ್ಕೆ ಏಳು ಸಲ ಗಂಟೆ. ಇಷ್ಟು ಒಂದೇ ಕಾಂಪೌಂಡಿನೊಳಗೆ ಇದ್ದರೆ ನಗೆಗೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ನಮ್ಮಲ್ಲಿ ಯಾರೂ ತಮಾಷೆ ಮಾಡಲು ಹೋಗುತ್ತಿರಲಿಲ್ಲ. ಅದು ತಾನಾಗಿ ಆಗುತ್ತಿತ್ತು.

ನಾನು ಬಿ.ಎಸ್ಸಿ. ಮುಗಿಸಿ, ಮಠ ಸೇರಿ, ತರಬೇತಿ ಪೂರೈಸಿ ಮೊದಲ ಸಲ ಕೆಲಸಕ್ಕೆ ಬಂದದ್ದು ಐನಾಪುರದ ಹತ್ತಿರದ ಈ ಸಣ್ಣ ಕಾನ್ವೆಂಟಿಗೆ. ತೊಂಬತ್ತರ ದಶಕದ ಮೊದಲ ವರ್ಷಗಳು. ನನಗಿಂತ ಮೊದಲು ಅಲ್ಲಿ ಮೂವರಿದ್ದರು. ಮನೆಗೆ ಹಿರಿಯರಾದ ಮದರ್. ಅಡುಗೆ ನೋಡಿಕೊಳ್ಳುವ, ಕರಾವಳಿ ಕಡೆಯ ವಯಸ್ಸಾದ ಸಿಸ್ಟರ್. ದವಾಖಾನೆ ನಡೆಸುವ ಸಿಸ್ಟರ್. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವಳು.

ಕಾನ್ವೆಂಟಿನ ಹಿಂದೆ ಎರಡು ಎಕರೆ. ಪಕ್ಕದ ಕಬ್ಬಿನ ಹೊಲದ ನೀರು ವರ್ಷಗಟ್ಟಲೆ ಬಸಿದು ಬಂದು ಅಲ್ಲಿ ನಿಂತು, ಉಪ್ಪು ಮೇಲೆದ್ದು, ಬೇಸಿಗೆಯಲ್ಲಿ ನೆಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು. ಇಂಥ ನೆಲಕ್ಕೆ ನಮ್ಮ ಕಡೆ ಸವಳು ಎನ್ನುತ್ತಾರೆ. ಆ ಕಬ್ಬಿನ ಹೊಲದ ಯಜಮಾನರನ್ನು ಊರೆಲ್ಲ ಕಾಕಾ ಎಂದು ಕರೆಯುತ್ತಿತ್ತು. ಅವರು ಇಟ್ಟಂಗಿ ಭಟ್ಟಿ, ಎಂದರೆ ಇಟ್ಟಿಗೆ ಸುಡುವ ಗೂಡು, ಹಾಕಲು ನಮ್ಮ ನೆಲ ಕೇಳಿದ್ದರು. ನಮ್ಮ ಎಲ್ಲ ಮನೆಗಳಿಗೂ ಮೇಲಿನವರಾದ ಪ್ರಾಂತ್ಯದ ಮದರ್, ನಾವು ದೊಡ್ಡ ಮದರ್ ಎನ್ನುತ್ತಿದ್ದವರು, ಕೊಡಲು ಒಪ್ಪಿದ್ದರು. ನಮ್ಮ ಮದರ್ ಒಪ್ಪಲಿಲ್ಲ.

‘ದೇವರು ಕೊಟ್ಟ ಮಣ್ಣು ಜಡ್ಡಿಗೆ ಬಿದ್ದೈತಿ. ಜಡ್ಡಿನವರನ್ನ ಯಾರರ ಭಟ್ಟಿಗೆ ಹಾಕ್ತಾರೇನ್ರಿ?’ ಎಂದು ಕೇಳಿದ್ದರು.

ದೊಡ್ಡ ಮದರ್ ಎರಡು ಮಳೆಗಾಲದ ಗಡುವು ಕೊಟ್ಟರು. ಅಷ್ಟರಲ್ಲಿ ನೆಲಕ್ಕೆ ಜೀವ ಬಂದರೆ ನಮ್ಮದು, ಇಲ್ಲವಾದರೆ ಭಟ್ಟಿಗೆ. ನಾನು ಬಂದಾಗ ಒಂದು ಮಳೆಗಾಲ ಆಗಲೇ ಮುಗಿದಿತ್ತು.

ಬೇಳೆ

ಬಂದ ಮೊದಲ ವಾರವೇ ಮಣ್ಣಿನ ಪರೀಕ್ಷೆಗೆ ಕುಳಿತೆ. ಹೊಲದ ಹನ್ನೆರಡು ಕಡೆಯಿಂದ ಮಣ್ಣು, ಮೇಲಿನ ಬಿಳಿ ಪುಡಿ ಬೇರೆ. ಎಲ್ಲಕ್ಕೂ ಬಾಟಲಿ, ಬಾಟಲಿಗೆ ನಂಬರು. ಶಾಲೆಯ ಪ್ರಯೋಗಾಲಯದಲ್ಲಿ ಜಾಗ ಸಾಲದೆ ಕೆಲವನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಮೂರು ದಿನ ಕರಗಿಸಿ, ಸೋಸಿ, ಲಿಟ್ಮಸ್ ಕಾಗದ ಅದ್ದಿ ನೋಡಿ ಮದರ್‌ಗೆ ವರದಿ ಕೊಟ್ಟೆ: ಉಪ್ಪು ಹೆಚ್ಚು, ಕ್ಷಾರ ಹೆಚ್ಚು.

ಬೇಲಿಯಾಚೆ ನಿಂತಿದ್ದ ಕಾಕಾ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಗುಳಿದರು. ಸಿಸ್ಟರುಗಳನ್ನು ಅವರು ಬಾಯಾರು ಎನ್ನುತ್ತಿದ್ದರು.

‘ಉಪ್ಪ ಐತಿ. ಸೋಡಾನೂ ಐತಿ. ಇದಕ್ಕ ಮೂರ್ ದಿನಾ ಬೇಕಾತೇನ್ರಿ, ಬಾಯಾರ?’

ಅದು ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ. ಆ ನಲವತ್ತು ದಿನ ಊಟದ ಹೊತ್ತಿನಲ್ಲಿ ಮಾತಿಲ್ಲ. ಒಬ್ಬರು ಸಂತರ ಚರಿತ್ರೆ ಓದುತ್ತಾರೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. ಒಂದು ದಿನ ಸಾರಿಗೆ ಬಟ್ಟೆ ಸೋಪಿನ ರುಚಿ ಬಂತು. ನಾನು ಸುಮ್ಮನೆ ಉಂಡೆ. ಹೊಸಬಳು ಮೊದಲ ತಿಂಗಳೇ ಊಟಕ್ಕೆ ಹೆಸರಿಡಬಾರದು ಎಂದುಕೊಂಡೆ. ಮರುದಿನವೂ ಅದೇ ರುಚಿ. ಅದರ ಮರುದಿನವೂ ಅದೇ. ಓದು ನಡೆದಿತ್ತು. ಮದರ್ ಎರಡನೇ ಸಲ ಬಡಿಸಿಕೊಂಡರು.

ಐದನೇ ದಿನ ದವಾಖಾನೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು.

‘ನಾಲ್ಕೂ ಮಂದಿಗೆ ಹೊಟ್ಟಿ ಒಂದಽ ನಮೂನಿ ಕೆಟ್ಟೈತಿ. ಊರಾಗ ಯಾರಿಗೂ ಇಲ್ಲ. ನಿನ್ನ ವಿಜ್ಞಾನ ಏನ್ ಹೇಳ್ತೈತಿ?’

ನನ್ನ ವಿಜ್ಞಾನ ಕಪಾಟು ತೆರೆದು ನೋಡು ಎಂದಿತು. ನೋಡಿದೆ. ಬಿಳಿ ಪುಡಿಯ ಏಳನೇ ನಂಬರಿನ ಬಾಟಲಿ ಅರ್ಧ ಖಾಲಿಯಾಗಿತ್ತು. ಅಡುಗೆ ಸಿಸ್ಟರ್ ಅದನ್ನು ಅಡುಗೆ ಸೋಡಾ ಎಂದುಕೊಂಡು ದಿನಾ ಒಂದು ಚಮಚ ಹಾಕುತ್ತಿದ್ದರು.

ಆಮೇಲೆ ಎಲ್ಲರ ಮಾತು ಹೊರಬಂತು. ದವಾಖಾನೆ ಸಿಸ್ಟರ್ ಇದು ಮದರ್ ಹಾಕಿದ ತಪಸ್ಸು ಎಂದುಕೊಂಡಿದ್ದರು. ಅಡುಗೆ ಸಿಸ್ಟರ್‌ಗೆ ವಯಸ್ಸಾಯಿತು, ಮನಸ್ಸಿಗೆ ನೋವಾಗಬಾರದು ಎಂದು ಮದರ್ ಎರಡೆರಡು ಸಲ ಉಂಡಿದ್ದರು. ಅಡುಗೆ ಸಿಸ್ಟರ್ ತಮ್ಮ ನಾಲಿಗೆಯೇ ಕೆಟ್ಟಿದೆ ಎಂದುಕೊಂಡು ಅದನ್ನು ದೇವರಿಗೆ ಒಪ್ಪಿಸಿದ್ದರು.

ಬಾಟಲಿಗಳನ್ನು ಸಾಗಿಸುವಾಗ ಅಡುಗೆ ಸಿಸ್ಟರ್ ಮೆಲ್ಲಗೆ ನನ್ನ ತೋಳು ಹಿಡಿದರು.

‘ಆದದ್ದು ತಪ್ಪೇ, ಮಾರಾಯ್ತಿ. ಆದರೆ ಈ ಊರಿನ ನೀರಲ್ಲಿ ತೊಗರಿಬೇಳೆ ಅಷ್ಟು ಬೇಗ ಯಾವತ್ತೂ ಬೆಂದಿರಲಿಲ್ಲ. ಉಳಿದ ಅರ್ಧ ಬಾಟಲಿ ಬಿಸಾಡಬೇಡ.’

ಎಂಟು ದಿನ

ನೆಲ ಸುಧಾರಿಸಬೇಕಾದರೆ ಮೊದಲು ನಿಂತ ನೀರು ಹೊರಗೆ ಹೋಗಬೇಕು. ಗಡಿಯುದ್ದಕ್ಕೂ ಒಂದು ಬಸಿಗಾಲುವೆ ತೋಡಿದರೆ ಸಾಕು ಎಂದು ನಾನು ನಕ್ಷೆ ಬರೆದುಕೊಟ್ಟೆ. ಮದರ್ ಅದಕ್ಕೂ ಆರು ತಿಂಗಳು ಮೊದಲಿಂದ ಕಾಕಾನಿಗೆ ಅದನ್ನೇ ಹೇಳುತ್ತಿದ್ದರಂತೆ. ಕಾಲುವೆ ಅವರ ಬದುವಿನ ಬದಿಗೆ ಬರಬೇಕಿತ್ತು. ಕಾಕಾ ಪ್ರತಿಸಲವೂ ‘ನೋಡೂಣಂತ್ರಿ’ ಎನ್ನುತ್ತಿದ್ದರು.

ಮೇ ತಿಂಗಳಲ್ಲಿ ನಮಗೆ ಎಂಟು ದಿನದ ಧ್ಯಾನಕೂಟ. ಹೊರಗಿನಿಂದ ಒಬ್ಬ ಫಾದರ್ ಬಂದು ಉಪದೇಶ ಕೊಡುತ್ತಾರೆ. ಉಳಿದ ಹೊತ್ತು ಪೂರ್ತಿ ಮೌನ. ಯಾರೊಂದಿಗೂ ಮಾತಿಲ್ಲ, ಕಣ್ಣೆತ್ತಿ ನೋಡುವುದೂ ಇಲ್ಲ. ಊರಿಗೆ ಮೊದಲೇ ತಿಳಿಸುವುದು ವಾಡಿಕೆ. ಆ ವರ್ಷ ಅದು ನನ್ನ ಪಾಲಿಗೆ ಬಂತು. ದವಾಖಾನೆ ಬಾಗಿಲಿಗೆ ಚೀಟಿ ಅಂಟಿಸಿದೆ. ಶಾಲೆಯ ಗೇಟಿಗೆ ಅಂಟಿಸಿದೆ. ಹಾಲಿನವಳಿಗೆ ಬಾಯಲ್ಲಿ ಹೇಳಿದೆ. ಕಾಕಾನ ಮನೆ ನನ್ನ ಪಟ್ಟಿಯಲ್ಲಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವರ ಕಬ್ಬಿನ ಮಡಿಯ ಒಡ್ಡು ಒಡೆದು ನೀರು ನಮ್ಮ ಹೊಲಕ್ಕೆ ನುಗ್ಗಿತು. ನಾವು ನಾಲ್ವರೂ ಅಂಗಳದಲ್ಲಿ ತಲೆತಗ್ಗಿಸಿ ಜಪಮಾಲೆ ಹಿಡಿದು ತಿರುಗುತ್ತಿದ್ದೆವು. ಕಾಕಾ ಬೇಲಿಯ ಹತ್ತಿರ ಓಡಿಬಂದರು.

‘ಮದರ್, ನೀರ ನಿಮ್ಮ ಕಡೆ ಬರಾಕತ್ತಾವ. ಈಗಽ ಕಟ್ತೀನ್ರಿ.’

ಮದರ್ ತಲೆ ಎತ್ತಲಿಲ್ಲ. ಮುಂದೆ ನಡೆದರು.

‘ಸಣ್ಣ ಬಾಯಾರ, ನೀವರ ಹೇಳ್ರಿ ಅವರಿಗೆ. ನಾ ಬೇಕಂತ ಬಿಟ್ಟಿಲ್ಲ.’

ಇವರ ಮನೆಗೆ ತಿಳಿಸಿಲ್ಲ ಎಂದು ಆಗ ನೆನಪಾಯಿತು. ಆದರೂ ಮುಂದೆ ನಡೆದೆ.

ಅಡುಗೆ ಸಿಸ್ಟರ್ ಹತ್ತಿರ ಬಂದರು. ಕಾಕಾ ಕೈ ಮುಗಿದರು. ‘ಅಮ್ಮಾ, ನೀವು ದಿನಾ ಮಾತಾಡ್ತಿದ್ರಿ ನನ್ನ ಜೋಡಿ.’ ಅಡುಗೆ ಸಿಸ್ಟರ್ ಕಣ್ಣು ಮುಚ್ಚಿಕೊಂಡು ದಾಟಿದರು. ಕೊನೆಗೆ ದವಾಖಾನೆ ಸಿಸ್ಟರ್. ಅವರು ಹತ್ತಿರ ಬರುವ ಮೊದಲೇ ಕಾಕಾ ಒಡ್ಡು ಕಟ್ಟಲು ತಿರುಗಿ ಹೋದರು.

ಸಂಜೆ ಹೆಂಡತಿಯ ಜೊತೆ ಬಂದರು. ಅದೇ ಅಂಗಳ, ಅದೇ ಜಪಮಾಲೆ, ಅದೇ ಮೌನ. ಮರುದಿನ ಬೆಳಿಗ್ಗೆ ಎಂಟು ಆಳು, ಗುದ್ದಲಿ, ಬುಟ್ಟಿ. ಧ್ಯಾನಕೂಟ ಮುಗಿಯುವಷ್ಟರಲ್ಲಿ ಗಡಿಯ ಈ ತುದಿಯಿಂದ ಆ ತುದಿಯವರೆಗೆ ಬಸಿಗಾಲುವೆ ಸಿದ್ಧವಾಗಿತ್ತು. ನನ್ನ ನಕ್ಷೆಗಿಂತ ಒಂದು ಗೇಣು ಆಳ ಹೆಚ್ಚೇ.

ಮೌನ ಮುಗಿದ ದಿನ ಮದರ್ ಉಪಕಾರ ಹೇಳಲು ಹೋದರು. ಕಾಕಾ ಹಣೆ ಒರೆಸಿಕೊಂಡರು.

‘ನೀವು ಬೈದಿದ್ರ ನಾನೂ ಎರಡ ಮಾತು ಬೈತಿದ್ದೆ, ಅಲ್ಲಿಗೆ ಮುಗೀತಿತ್ತು. ನಾಲ್ಕೂ ಮಂದಿ ಸುಮ್ಮಾದ್ರಿ ನೋಡ್ರಿ, ನನಗ ಊಟ ಸೇರಲಿಲ್ಲ.’

ಮುಂದಿನ ತಿಂಗಳು ನಮಗೆ ಅವರಿಂದ ಬೇಲಿಯ ಮುಳ್ಳು ಬೇಕಾಯಿತು. ಕೇಳಲು ಯಾರು ಹೋಗಬೇಕು ಎಂದು ಮಾತು ಬಂದಾಗ ಮದರ್ ಸ್ವಲ್ಪ ಯೋಚಿಸಿದರು.

‘ಹೋಗೂದ್ಯಾಕ? ಎರಡ ದಿನಾ ಮೌನ ಹಿಡಿಯೂಣೇನು?’

ಗುಳಿಗೆ

ದವಾಖಾನೆ ಸಿಸ್ಟರ್ ರಾಯಬಾಗ ಕಡೆಯವರು. ಮೊದಲ ಮಳೆ ಬಿದ್ದ ಮೇಲೆ ಅವರು ಔಷಧಿಯ ಜೊತೆ ಒಂದೊಂದು ಸಸಿ ಕೊಡತೊಡಗಿದರು. ರೋಗಿಯ ಚೀಟಿಯ ಮೇಲೆಯೇ ಬರೆಯುತ್ತಿದ್ದರು: ಗುಳಿಗೆ ದಿನಕ್ಕೆ ಎರಡು, ಸಸಿಗೆ ನೀರು ದಿನಕ್ಕೆ ಒಂದು ತಂಬಿಗೆ. ನಮ್ಮ ಸವಳಿನ ಬದುವಿಗೂ ನಾವು ಸಸಿ ಹಚ್ಚಿದ್ದೆವು. ಅವು ಸಾಯಲಿಲ್ಲ, ಆದರೆ ಎಲೆ ಹಳದಿಯಾಗಿ ಹಾಗೇ ನಿಂತಿದ್ದವು. ನಾನು ಪುಸ್ತಕ ಹುಡುಕುತ್ತಿದ್ದೆ.

ಆಗ ಸತ್ತಿ ಎಂಬ ಊರಿನ ದಾರಿಯ ವಸತಿಯಿಂದ ಒಬ್ಬ ಮುದುಕಿ ಬರುತ್ತಿದ್ದಳು, ಎಲ್ಲರೂ ಆಯಿ ಎನ್ನುತ್ತಿದ್ದರು. ಮೈಯಲ್ಲಿ ರಕ್ತ ಕಡಿಮೆ. ಸಿಸ್ಟರ್ ಕಬ್ಬಿಣದ ಗುಳಿಗೆ ಕೊಟ್ಟು, ಒಂದು ಪೇರಲ ಸಸಿಯನ್ನೂ ಕೊಟ್ಟಿದ್ದರು. ತಿಂಗಳ ಮೇಲೆ ಬಂದಾಗ ಸಿಸ್ಟರ್ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು.

‘ಆಯಿ, ಗುಳಿಗಿ ತಗೊಂಡಿ ಇಲ್ಲ?’

‘ಎಲ್ಲಾ ಖಾಲಿ ಆಗ್ಯಾವ. ಮತ್ತ ಕೊಡು.’

‘ಎಲ್ಲಾ ತಗೊಂಡೂ ಕಣ್ಣ ಹಿಂಗ್ಯಾಕ ಬೆಳ್ಳಗದಾವ?’

‘ನಾ ಎಲ್ಲಿ ತಗೊಂಡೆ? ನೀ ಕೊಟ್ಟ ಪೇರಲ ಗಿಡ ಬಣ್ಣ ಕಳಕೊಂಡಿತ್ತು. ಅದಕ್ಕ ಹಾಕಿದೆ. ರಗತ ಕಮ್ಮಿ ಆದ್ರ ಬಣ್ಣ ಹೋಗ್ತೈತಿ, ಈ ಗುಳಿಗಿ ಬಣ್ಣ ತರ್ತೈತಿ ಅಂತ ನೀನಽ ಹೇಳಿದ್ದಿ.’

ಸಿಸ್ಟರ್ ತಲೆ ಹಿಡಿದುಕೊಂಡರು. ನಾನು ಮಾತ್ರ ಚಪ್ಪಲಿ ಮೆಟ್ಟಿ ಆಯಿಯ ಹಿಂದೆಯೇ ಹೊರಟೆ. ಅವಳ ಅಂಗಳದಲ್ಲಿ ಪೇರಲ ಗಿಡ ಕಡುಹಸಿರಾಗಿ ನಿಂತಿತ್ತು. ಕಾರಣ ಸರಳ. ಕ್ಷಾರದ ಮಣ್ಣಿನಲ್ಲಿ ಗಿಡದ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಗುಳಿಗೆಯಲ್ಲಿದ್ದದ್ದು ಅದೇ ಕಬ್ಬಿಣ. ನಾನು ಎರಡು ವಾರ ಪುಸ್ತಕದಲ್ಲಿ ಹುಡುಕಿದ್ದನ್ನು ಆಯಿ ಒಂದು ತಿಂಗಳು ಮಾಡಿ ನೋಡಿದ್ದಳು. ಮರುದಿನ ಅಥಣಿಯ ಗೊಬ್ಬರದ ಅಂಗಡಿಯಿಂದ ಕಬ್ಬಿಣದ ಲವಣವಾದ ಅನ್ನಭೇದಿ ತರಿಸಿ, ನೀರಿನಲ್ಲಿ ಕರಗಿಸಿ ನಮ್ಮ ಸಸಿಗಳಿಗೆ ಚಿಮುಕಿಸಿದೆ. ಎರಡು ವಾರದಲ್ಲಿ ಬಣ್ಣ ತಿರುಗಿತು.

ಆಯಿಗೆ ಮಾತ್ರ ಸಿಸ್ಟರ್ ಶಿಸ್ತು ಹಾಕಿದರು. ದಿನಾ ದವಾಖಾನೆಗೆ ಬರಬೇಕು, ಅವರ ಕಣ್ಣೆದುರೇ ನುಂಗಬೇಕು. ಮೊದಲ ದಿನ ಆಯಿ ಗುಳಿಗೆ ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದಳು. ಆಮೇಲೆ ಇನ್ನೊಂದು ಕೈ ಚಾಚಿದಳು.

‘ನನ್ನ ಪಾಲು ಆತು. ಗಿಡದ ಪಾಲು ಕೊಡು.’

ಪಪ್ಪಾಯಿ

ಇದು ಚಿಕ್ಕದು. ತಿಂಗಳಿಗೊಮ್ಮೆ ನಾವು ನಾಲ್ವರೂ ಕೂತು ಒಬ್ಬರ ಮುಂದೆ ಒಬ್ಬರು ತಮ್ಮ ತಪ್ಪು ಹೇಳಿಕೊಳ್ಳುವ ಪದ್ಧತಿ. ಆ ಸಲ ಅಡುಗೆ ಸಿಸ್ಟರ್ ಎದ್ದರು.

‘ಮೌನದ ಹೊತ್ತಿನಲ್ಲಿ ಮಾತಾಡಿದೆ, ಮದರ್.’

‘ಯಾರ ಜೋಡಿ?’

‘ಹಿತ್ತಲಿನ ಪಪ್ಪಾಯಿ ಗಿಡದ ಜೊತೆ.’

ಮದರ್ ನಿಯಮದ ಪುಸ್ತಕ ತರಿಸಿದರು. ಹಾಳೆ ತಿರುವಿದರು. ಗಿಡದ ಜೊತೆ ಮಾತಾಡಬಾರದು ಎಂದು ಎಲ್ಲಿಯೂ ಇರಲಿಲ್ಲ.

‘ಏನಂದ್ರಿ ಅದಕ್ಕ?’

‘ಸೋಮಾರಿ ಅಂದೆ. ವರ್ಷವಿಡೀ ಹೂ ಬಿಡ್ತದೆ, ಒಂದು ಕಾಯಿ ಕಟ್ಟುವುದಿಲ್ಲ. ಕಡಿದು ಹಾಕ್ತೇನೆ ಅಂತಲೂ ಅಂದೆ.’

ಮದರ್ ಪುಸ್ತಕ ಮುಚ್ಚಿದರು. ‘ಮಾತಾಡಿದ್ದು ತಪ್ಪಲ್ಲ. ದೇವರ ಸೃಷ್ಟಿನ ಬೈದದ್ದು ತಪ್ಪು. ಹೋಗಿ ಅದಕ್ಕ ಒಂದ ಒಳ್ಳೆ ಮಾತು ಹೇಳಿ ಬರ್ರಿ.’

ನನಗೆ ಸುಮ್ಮನಿರಲು ಆಗಲಿಲ್ಲ. ‘ಮದರ್, ಅದು ಗಂಡು ಗಿಡ. ಅದಕ್ಕೆ ಕಾಯಿ ಆಗುವುದೇ ಇಲ್ಲ.’

ಅಡುಗೆ ಸಿಸ್ಟರ್ ನೆಟ್ಟಗೆ ನಿಂತರು.

‘ಹಾಗಾದರೆ ನಾನು ಹೇಳಿದ್ದರಲ್ಲಿ ತಪ್ಪೇನಿದೆ, ಮದರ್?’

ಹಸಿರು

ಆ ಜೂನ್‌ನಲ್ಲಿ ನಾವು ಎರಡು ಎಕರೆಗೂ ಡಯಂಚ ಬಿತ್ತಿದ್ದೆವು. ಉಪ್ಪನ್ನು ತಡೆದುಕೊಂಡು ಬೆಳೆಯುವ ಗಿಡ ಅದು. ತಿನ್ನಲು ಬರುವುದಿಲ್ಲ, ಮಾರಲು ಬರುವುದಿಲ್ಲ. ಹೂ ಬರುವ ಹೊತ್ತಿಗೆ ನೇಗಿಲು ಹೊಡೆದು ಮಣ್ಣಲ್ಲಿ ಮುಚ್ಚಬೇಕು. ಅದು ಕೊಳೆತು ಮಣ್ಣು ಸಡಿಲಾಗುತ್ತದೆ, ಉಪ್ಪು ಕೆಳಗಿಳಿಯುತ್ತದೆ.

ಬಸಿಗಾಲುವೆಯ ಪುಣ್ಯವೋ ಏನೋ, ಡಯಂಚ ಎದೆಮಟ್ಟ ಬೆಳೆಯಿತು. ಬೆಳ್ಳಗೆ ಬಿದ್ದಿದ್ದ ನೆಲದಲ್ಲಿ ಹಸಿರು ಗಾಳಿಗೆ ತೂಗಾಡುವುದನ್ನು ನೋಡಲು ಕಬ್ಬೂರ ಕಡೆಯಿಂದ ಬೀಗರ ಮನೆಗೆ ಬಂದವರೂ ಬೇಲಿಯ ಹತ್ತಿರ ನಿಂತು ಹೋಗುತ್ತಿದ್ದರು. ಅಡುಗೆ ಸಿಸ್ಟರ್ ಸಂಜೆ ಅಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು.

ಎರಡನೇ ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ದೊಡ್ಡ ಮದರ್‌ರ ಕಾಗದ ಬಂತು. ‘ಶನಿವಾರ ಬರುತ್ತೇನೆ. ಹಸಿರನ್ನು ಕಣ್ಣಾರೆ ನೋಡಿ ಭಟ್ಟಿಯ ವಿಷಯ ತೀರ್ಮಾನಿಸುತ್ತೇನೆ. ಪಕ್ಕದ ಹೊಲದವರಿಗೂ ಇರಲು ಹೇಳಿ.’

ಅದೇ ದಿನ ಡಯಂಚದಲ್ಲಿ ಮೊದಲ ಹಳದಿ ಹೂ ಕಂಡಿತು. ನಾನು ಮದರ್‌ಗೆ ಹೇಳಿದೆ.

‘ನಾಳೆ ನಾಡಿದ್ದರಲ್ಲಿ ನೇಗಿಲು ಹೊಡೆಯಬೇಕು.’

‘ಶನಿವಾರ ಆದ ಮ್ಯಾಲ ಹೊಡದ್ರ?’

‘ಕಾಂಡ ಗಟ್ಟಿಯಾಗುತ್ತದೆ. ಮುಂದೆ ಮಳೆಯೂ ಇಲ್ಲ. ಸರಿಯಾಗಿ ಕೊಳೆಯುವುದಿಲ್ಲ.’

ಅಡುಗೆ ಸಿಸ್ಟರ್ ಅಡ್ಡ ಬಂದರು. ‘ಐದು ದಿನ ತಡೆದರೆ ಆಕಾಶ ಬೀಳ್ತದಾ? ಅವರು ಹಸಿರು ನೋಡ್ಲಿಕ್ಕೆ ಬರುವುದು. ನಾವು ಅದನ್ನು ಹೂತು ಕೂರುವುದಾ?’

ಮದರ್ ಪ್ರಾರ್ಥನೆಯ ಕೋಣೆಗೆ ಹೋದರು. ಒಂದು ತಾಸು ಬಿಟ್ಟು ಹೊರಗೆ ಬಂದರು.

‘ಬಿತ್ತಿದ್ದು ನೆಲಕ್ಕಂತ. ತೋರಸಾಕಂತ ಅಲ್ಲ. ಹೊಡೀರಿ.’

ಎತ್ತು, ನೇಗಿಲು ಕಾಕಾನವೇ. ಕೇಳಿದ ಕೂಡಲೇ ಬಂದರು. ನಾವು ನೆಲದ ಆಸೆ ಬಿಟ್ಟು ಭಟ್ಟಿಗೆ ಒಪ್ಪಿದೆವು ಎಂದು ತಿಳಿದಿದ್ದರು. ಮಂಗಳವಾರ ಇಡೀ ದಿನ ಹಾಡುತ್ತ ಹೊಡೆದರು. ಸಂಜೆಗೆ ಎರಡು ಎಕರೆಯಲ್ಲಿ ಒಂದು ಎಲೆ ಮೇಲೆ ಉಳಿಯಲಿಲ್ಲ. ಅಡುಗೆ ಸಿಸ್ಟರ್ ಕುರ್ಚಿ ಒಳಗೆ ತಂದರು. ಶುಕ್ರವಾರ ಜೋರು ಮಳೆ.

ಶನಿವಾರ ದೊಡ್ಡ ಮದರ್ ಬಂದರು. ಗಟ್ಟಿ ಮೈಯ ಹೆಂಗಸು. ಬಿಳಿ ಸೀರೆ, ಹೊಸ ಕಪ್ಪು ಚಪ್ಪಲಿ. ನೀರು ಕುಡಿದವರೇ ಹೊಲಕ್ಕೆ ನಡೆದರು. ಮುಂದೆ ಕರೀ ಕೆಸರು, ಕೊಳೆಯುವ ಸೊಪ್ಪಿನ ವಾಸನೆ.

‘ಹಸಿರು ಎಲ್ಲಿದೆ?’

‘ಕೆಳಗ ಐತಿ, ಮದರ್,’ ಎಂದರು ನಮ್ಮ ಮದರ್.

‘ಕೆಳಗೆ ಎಂದರೆ?’

‘ಮಣ್ಣಾಗ. ಸೋಮವಾರದತನಾ ಮ್ಯಾಲಿತ್ತು.’

‘ಎದಿಮಟಾ ಬೆಳದಿತ್ರಿ,’ ಎಂದರು ಕಾಕಾ ಕೈಕಟ್ಟಿಕೊಂಡು. ‘ನಾನಽ ನೇಗಿಲ ಹೊಡದೀನಿ. ಒಂದೂ ಬಿಟ್ಟಿಲ್ಲ.’

ದೊಡ್ಡ ಮದರ್ ನಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ‘ನಾನು ನೋಡುತ್ತೇನೆ ಎಂದು ಬರೆದದ್ದನ್ನು ನಾನು ಬರುವ ಮೊದಲು ಹೂತಿದ್ದೀರಿ,’ ಎಂದರು. ನಾನು ಕೊಳೆಯುವ ಕ್ರಮ ವಿವರಿಸಲು ಬಾಯಿ ತೆರೆದೆ. ಅವರು ಕೇಳಲಿಲ್ಲ. ಹತ್ತಿರದಿಂದ ನೋಡುತ್ತೇನೆ ಎಂದು ಬದುವಿನಿಂದ ಒಂದು ಹೆಜ್ಜೆ ಒಳಗಿಟ್ಟರು. ಮೊಣಕಾಲಿನವರೆಗೆ ಹೋದರು.

ಎಳೆದೆವು. ಎರಡು ಕೈ ನಾನು ಮತ್ತು ದವಾಖಾನೆ ಸಿಸ್ಟರ್, ಸೊಂಟ ಅಡುಗೆ ಸಿಸ್ಟರ್. ಹೆಣ್ಣುಮಕ್ಕಳ ನಡುವೆ ಕೈ ಹಾಕುವುದು ಹೇಗೆ ಎಂದು ಕಾಕಾ ದೂರದಿಂದಲೇ ‘ಬಲಕ್ಕ ತಿರಸ್ರಿ, ಬಲಕ್ಕ’ ಎನ್ನುತ್ತಿದ್ದರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ದೊಡ್ಡ ಮದರ್ ಬದುವಿನ ಮೇಲೆ ಕೂತು, ಕೆಸರಿನ ಕಾಲು ಮುಂದೆ ಚಾಚಿ ಉಸಿರು ಬಿಟ್ಟರು.

ಆಗ ನಮ್ಮ ಮದರ್ ಅವರ ಮುಂದೆ ಎರಡೂ ಮೊಣಕಾಲು ಊರಿ ಕೂತರು. ತಲೆ ಬಾಗಿಸಿದರು.

ನಮ್ಮಲ್ಲಿ ಮೇಲಿನವರ ಮಾತು ಮೀರಿದವರು ಹಾಗೆಯೇ ಕ್ಷಮೆ ಕೇಳುತ್ತಾರೆ. ದೊಡ್ಡ ಮದರ್‌ರ ಮುಖ ಮೆತ್ತಗಾಯಿತು. ಕೆಸರಿನ ಕೈಯನ್ನು ಸೀರೆಗೆ ಒರೆಸಿ ನಮ್ಮ ಮದರ್‌ರ ತಲೆಯ ಮೇಲಿಟ್ಟರು.

‘ಇರಲಿ. ಕ್ಷಮಿಸಿದ್ದೇನೆ. ಏಳಿ.’

ಮದರ್ ಏಳಲಿಲ್ಲ.

‘ಏಳಿ ಸಿಸ್ಟರ್. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ.’

‘ತಡೀರಿ, ಮದರ್. ಅಲ್ಲಾಡಬ್ಯಾಡ್ರಿ,’ ಎಂದರು ನಮ್ಮ ಮದರ್. ಅವರ ಎರಡು ಬೆರಳು ದೊಡ್ಡ ಮದರ್‌ರ ಕಾಲಿನ ಹೆಬ್ಬೆರಳ ಸಂದಿಯಲ್ಲಿದ್ದವು. ಮೆಲ್ಲಗೆ ಏನನ್ನೋ ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಗೇಣುದ್ದದ ಎರೆಹುಳ. ಹಿಮ್ಮಡಿಯ ಹತ್ತಿರ ಇನ್ನೊಂದಿತ್ತು. ಅದನ್ನೂ ಬಿಡಿಸಿದರು.

‘ನೀವು ಮೊಣಕಾಲೂರಿದ್ದು ಇದಕ್ಕಾ?’

‘ನಿಮಗೂ ಊರ್ತೀನಿ, ಮದರ್. ಮೊದಲ ಇವನ್ನ ನೆರಳಿಗೆ ಬಿಡ್ತೀನಿ.’

ಈ ಸಲ ನನ್ನ ಮಾತನ್ನು ದೊಡ್ಡ ಮದರ್ ಕೇಳಿದರು. ನಾನು ಒಂದೇ ವಾಕ್ಯ ಹೇಳಿದೆ. ಉಪ್ಪಿನ ಮಣ್ಣಲ್ಲಿ ಎರೆಹುಳ ಬದುಕುವುದಿಲ್ಲ.

ಅವರು ತಮ್ಮ ಕಾಲನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾಕಾನ ಕಡೆ ತಿರುಗಿದರು. ಕಾಕಾ ಆಗಲೇ ನೇಗಿಲು ಬದುವಿನ ಮೇಲೆ ಎಸೆದಿದ್ದ, ಆರಿದ ಒಂದು ಹೆಂಟೆ ಎತ್ತಿ ಹಿಚುಕುತ್ತಿದ್ದರು. ಅದು ಬೆರಳ ಸಂದಿಯಿಂದ ಪುಡಿಯಾಗಿ ಉದುರಿತು.

‘ಇದರಾಗ ಇನ್ನ ಇಟ್ಟಂಗಿ ಬರೂದಿಲ್ರಿ,’ ಎಂದರು ಬೇಸರದಿಂದ. ‘ಬಾಯಾರು ಮಣ್ಣ ಕೆಡಿಸಿ ಬಿಟ್ಟಾರ.’ ಒಂದು ಚಿಟಿಕೆ ನಾಲಿಗೆಗೂ ಹಚ್ಚಿ ನೋಡಿದರು. ಉಗುಳಲಿಲ್ಲ. ‘ಆ ಬೀಜ ಉಳದಿದ್ರ ನನಗೊಂದಿಷ್ಟು ಕೊಡ್ರಿ. ನಂದೂ ಒಂದ ಎಕರೆ ಹಿಂಗಽ ಐತಿ.’

ದೊಡ್ಡ ಮದರ್ ಎದ್ದರು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಕೆಸರು. ಗಂಭೀರವಾಗಿಯೇ ತೀರ್ಪು ಕೊಟ್ಟರು.

‘ಇನ್ನೊಂದು ಚಪ್ಪಲಿ ಈ ಹೊಲದಲ್ಲಿದೆ. ಅದು ಸಿಗುವವರೆಗೆ ನೆಲ ಯಾರಿಗೂ ಕೊಡುವಂತಿಲ್ಲ.’

ಅಡುಗೆ ಸಿಸ್ಟರ್ ತಮ್ಮ ಚಪ್ಪಲಿ ಕೊಟ್ಟು ಅವರನ್ನು ಬಸ್ಸು ಹತ್ತಿಸಿದರು.

ಸೋಮವಾರ ಬದು ಸರಿಪಡಿಸುವಾಗ ನನ್ನ ಗುದ್ದಲಿಗೆ ಏನೋ ತಾಗಿತು. ಕಪ್ಪು ಚಪ್ಪಲಿ, ಬಾರು ಕೂಡ ಹರಿದಿರಲಿಲ್ಲ. ತೊಳೆದು, ಒರೆಸಿ ಮದರ್ ಮುಂದೆ ಹಿಡಿದೆ. ಅವರು ಚಪ್ಪಲಿ ನೋಡಿದರು, ಹೊಲ ನೋಡಿದರು, ನನ್ನನ್ನು ನೋಡಿದರು.

‘ಎಲ್ಲಿ ಸಿಕ್ತು?’

‘ಬದುವಿನಿಂದ ಒಂದೂವರೆ ಅಡಿ, ಆಳ ಒಂದು ಗೇಣು.’

‘ಅಲ್ಲೇ ಇಡು,’ ಎಂದರು ಮದರ್. ‘ಆಳ ಎರಡ ಗೇಣು ಮಾಡು.’